ಬಿದ್ದ ಸೆನ್ಸರನ್ನು ಬಿಸಾಡಬೇಡಿ: ಮೈಗಂಟುವ ಸಾಧನಗಳ ಅಂಟಿನ ದೋಷ ಹುಡುಕುವ ಬಗೆ

"ಇದರ ಅಂಟೇ ಸರಿ ಇಲ್ಲ ಮಾರಾಯ್ರೆ" ಎಂದು ಕುಂದಾಪುರದ ಕಡೆಯ ಶಿಕ್ಷಕಿಯೊಬ್ಬರು ಒಂದು ಮೇ ತಿಂಗಳಲ್ಲಿ ಫೋನ್ ಮಾಡಿದ್ದರು. ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಸಕ್ಕರೆ ಸೆನ್ಸರ್ ಅದು. ಹದಿನಾಲ್ಕು ದಿನ ಇರಬೇಕಾದದ್ದು ನಾಲ್ಕನೇ ದಿನಕ್ಕೇ ಕಳಚಿಕೊಂಡಿತ್ತು, ಅದೂ ಸಾಲಾಗಿ ಮೂರನೇ ಸಲ. ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ. ಸಿಟ್ಟು ಬರದೆ ಇರುತ್ತದೆಯೇ?

"ಬಿದ್ದದ್ದು ಎಲ್ಲಿದೆ ಟೀಚರ್?" ಎಂದೆ.

"ಅದಾ? ಕಸಕ್ಕೆ ಹಾಕಿ ಆಯ್ತಲ್ಲ."

ಮೈಗಂಟುವ ವೈದ್ಯಕೀಯ ಸಾಧನಗಳನ್ನು ಬಳಸುವುದು ಹೇಗೆಂದು ಹೇಳಿಕೊಡುವುದೇ ನನ್ನ ಕೆಲಸ. ಸಕ್ಕರೆ ಸೆನ್ಸರ್, ಇನ್ಸುಲಿನ್ ಪಂಪಿನ ಸೆಟ್ (ಮೈಯೊಳಗೆ ಇನ್ಸುಲಿನ್ ಹರಿಸುವ ಕೊಳವೆ), ಹೃದಯ ಬಡಿತ ದಾಖಲಿಸಲು ಎದೆಗೆ ಹಾಕುವ ಹಾಲ್ಟರ್ ಪಟ್ಟಿ, ಎಲ್ಲದರಲ್ಲೂ ಈ ಮಾತು ಕೇಳಿದ್ದೇನೆ. ಬಿದ್ದರೆ ಅಂಟಿನ ಮೇಲೆ ದೂರು, ತುರಿಸಿದರೂ ಅಂಟಿನ ಮೇಲೆ ದೂರು. ಮರುದಿನ ಇನ್ನೂ ಗಟ್ಟಿಯಾದ ಟೇಪು ತಂದು ಮೇಲೆ ಸುತ್ತುತ್ತಾರೆ. ಕಾರಣ ಬೇರೆಯೇ ಇದ್ದರೆ ಆ ಟೇಪಿನಿಂದ ಇನ್ನೊಂದು ತೊಂದರೆ ಶುರು. ಟೇಪು ಬದಲಿಸುವ ಮೊದಲು ನೋಡಬೇಕಾದದ್ದು ಮೂರು: ಕಳಚಿದ ಪಟ್ಟಿಯ ಅಂಟಿನ ಮುಖ, ಚರ್ಮದ ಮೇಲೆ ಉಳಿದ ಗುರುತಿನ ಆಕಾರ, ಮತ್ತು ಎಷ್ಟನೇ ದಿನ ಎಂಬ ಲೆಕ್ಕ. ಆದ್ದರಿಂದ ಬಿದ್ದದ್ದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ (ಅಡಿಯಲ್ಲಿ ಸಣ್ಣ ತಂತಿ ಇರುತ್ತದೆ, ಮಕ್ಕಳ ಕೈಗೆ ಸಿಗದಿರಲಿ). ಡಬ್ಬಿಯ ಮೇಲೆ ಹಾಕಿದ ದಿನ, ಬಿದ್ದ ದಿನ, ಯಾವ ತೋಳು, ಪೆಟ್ಟಿಗೆಯ ಲಾಟ್ ನಂಬರ್ (ಯಾವ ಕಂತಿನ ತಯಾರಿಕೆ ಎಂಬ ಸಂಖ್ಯೆ) ಬರೆಯಿರಿ. ಚರ್ಮದ ಫೋಟೊ ಒಂದು ತೆಗೆದಿಡಿ, ಹಗಲು ಬೆಳಕಿನಲ್ಲಿ.

ಅಂಟು ಎಲ್ಲಿ ಉಳಿದಿದೆ?

ಪಟ್ಟಿಯನ್ನು ತಿರುಗಿಸಿ, ಕಿಟಕಿಯ ಬಳಿ ಓರೆಯಾಗಿ ಹಿಡಿದು ನೋಡಿ.

ಅಂಟು ಪೂರ್ತಿ ಪಟ್ಟಿಯ ಮೇಲೇ ಇದೆ, ಹೊಸದರಂತೆ ಹೊಳೆಯುತ್ತಿದೆ, ಚರ್ಮವೂ ಚೊಕ್ಕಟವಾಗಿದೆ ಎಂದರೆ ಅಂಟು ಚರ್ಮವನ್ನು ಹಿಡಿದೇ ಇರಲಿಲ್ಲ. ನಡುವೆ ಏನೋ ಒಂದು ಪದರ ಇತ್ತು. ನಮ್ಮ ಕಡೆ ಅದು ಹೆಚ್ಚಾಗಿ ತೆಂಗಿನೆಣ್ಣೆ. ಎಣ್ಣೆಸ್ನಾನದ ದಿನ ಸೀಗೆಪುಡಿ, ಕಡಲೆಹಿಟ್ಟು ಹಾಕಿ ಎಷ್ಟು ತಿಕ್ಕಿದರೂ ತೆಳುವಾದ ಜಿಡ್ಡು ಉಳಿದೇ ಉಳಿಯುತ್ತದೆ; ಹಿಟ್ಟಿನ ಪುಡಿ ಉಳಿದರೆ ಅದು ಬೇರೆ. ಟಾಲ್ಕಂ ಪೌಡರ್, ಮಾಯಿಶ್ಚರೈಸರ್, ಮಾಯಿಶ್ಚರೈಸರ್ ಬೆರೆಸಿದ ಸೋಪು, ಸೊಳ್ಳೆ ಕ್ರೀಮು, ಒರೆಸಿದ ಮೇಲೂ ಆರದ ಸ್ಪಿರಿಟ್ಟು, ಎಲ್ಲವೂ ಇದೇ ಗುಂಪಿನವು. ಇನ್ನೊಂದು ಕಾರಣವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ: ಒತ್ತದೆ ಇರುವುದು. ಇವು ಒತ್ತಿದರೆ ಮಾತ್ರ ಹಿಡಿಯುವ ಅಂಟುಗಳು. ಚರ್ಮದ ಸಣ್ಣ ಸಣ್ಣ ಗೆರೆಗಳೊಳಗೆ ಅಂಟು ಹರಿದು ಇಳಿಯಬೇಕು. ಅದಕ್ಕೆ ಒತ್ತಡವೂ ಬೇಕು, ಮೈಯ ಬಿಸಿಯೂ ಬೇಕು, ಸಮಯವೂ ಬೇಕು. ನೋವಾದೀತೆಂದು ಹೂವಿನಂತೆ ಮುಟ್ಟಿ ಬಿಟ್ಟರೆ ಅದು ಹೂವಿನಂತೆಯೇ ಉದುರುತ್ತದೆ.

ಅಂಟಿನ ಮೇಲೆ ಬಿಳಿ ಪುಡಿ, ಹೊಟ್ಟಿನಂಥ ಪದರ ಇದ್ದರೆ ಅದು ನಿಮ್ಮದೇ ಚರ್ಮ. ಹೊರಚರ್ಮದ ಮೇಲಿನ ಸತ್ತ ಕೋಶಗಳ ಪದರ ಸುಮಾರು ಎರಡು ವಾರದಲ್ಲಿ ಪೂರ್ತಿ ಉದುರಿ ಹೊಸದಾಗುತ್ತದೆ. ಅಂಟು ಗಟ್ಟಿಯಾಗಿ ಹಿಡಿದೇ ಇತ್ತು, ಆದರೆ ಅದು ಹಿಡಿದಿದ್ದ ನೆಲವೇ ಕಳಚಿಕೊಂಡಿತು. ಹನ್ನೆರಡು, ಹದಿಮೂರನೇ ದಿನ ಹೀಗಾದರೆ ಅದು ದೋಷವಲ್ಲ. ಮೂರನೇ ದಿನವೇ ಹೀಗಾದರೆ ಚರ್ಮ ಒಣಗಿ ಸಿಪ್ಪೆ ಏಳುತ್ತಿದೆ ಎಂದರ್ಥ. ಚಳಿಗಾಲದಲ್ಲಿ ಕಲಬುರಗಿ, ರಾಯಚೂರು ಕಡೆಯವರಿಂದ ಬರುವ ಪಟ್ಟಿಗಳು ಹೀಗಿರುತ್ತವೆ. ಅದಕ್ಕೆ ಮದ್ದು ಗಟ್ಟಿ ಅಂಟಲ್ಲ. ಹಾಕುವ ಹಿಂದಿನ ಕೆಲವು ದಿನ ಆ ಜಾಗಕ್ಕೆ ಮಾಯಿಶ್ಚರೈಸರ್ ಹಚ್ಚಿ, ಹಾಕುವ ದಿನ ಮಾತ್ರ ಏನೂ ಹಚ್ಚದಿರುವುದು.

ಅಂಟು ಅರ್ಧ ಚರ್ಮದ ಮೇಲೆ, ಅರ್ಧ ಪಟ್ಟಿಯ ಮೇಲೆ, ನಡುವೆ ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬರುತ್ತಿದ್ದರೆ ಅಂಟೇ ಒಳಗಿನಿಂದ ಮೆತ್ತಗಾಗಿ ಸೀಳಿದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪೆಟ್ಟಿಗೆ ಇಟ್ಟಿದ್ದಿರಾ? ಹಾಕಿದ ಮೇಲೆ ಸುತ್ತಲೂ ಎಣ್ಣೆ, ಸನ್‌ಸ್ಕ್ರೀನ್ ಹಚ್ಚಿದ್ದಿರಾ? ಎಣ್ಣೆ ಅಂಚಿನಿಂದ ಒಳಗೆ ಸೇರಿ ಅಂಟನ್ನು ಮೆತ್ತಗೆ ಮಾಡುತ್ತದೆ.

ಅಂಟೆಲ್ಲ ಚರ್ಮದ ಮೇಲೆ ಉಳಿದು ಪಟ್ಟಿಯ ಬಟ್ಟೆ ಮಾತ್ರ ಎದ್ದು ಬಂದರೆ, ಅಥವಾ ಆ ಬಟ್ಟೆ ತೋಳಿನಲ್ಲೇ ಇದ್ದು ಅದರ ಮೇಲಿನ ಪ್ಲಾಸ್ಟಿಕ್ ಬಿಲ್ಲೆ (ಸೆನ್ಸರಿನ ಗಟ್ಟಿ ಭಾಗ) ಕಳಚಿ ಬಿದ್ದರೆ, ಆಗ ಮಾತ್ರ ಮೊದಲ ಸಂಶಯ ತಯಾರಿಕೆ ಅಥವಾ ದಾಸ್ತಾನಿನ ಮೇಲೆ. ಲಾಟ್ ನಂಬರ್ ಹೇಳಿ ಬದಲಿ ಕೇಳಲು ಸಂಕೋಚ ಬೇಡ. ಬಿದ್ದ ಸಾಧನ ಕೈಯಲ್ಲಿದ್ದರೆ ನಿಮ್ಮ ಮಾತಿಗೆ ತೂಕ.

ಇನ್ನು ಅಂಚುಗಳು. ಒಂದೇ ಬದಿಯ ಅಂಚು ಸುರುಳಿ ಸುತ್ತಿ, ಬೂದು ಬಣ್ಣದ ನೂಲಿನ ಎಳೆ ಮೆತ್ತಿಕೊಂಡಿದ್ದರೆ ಏನೋ ಉಜ್ಜುತ್ತಿದೆ. ಟೀಚರ್ ಕಳಿಸಿಕೊಟ್ಟ ನಾಲ್ಕನೇ ಸೆನ್ಸರಿನಲ್ಲಿ ಕಂಡದ್ದು ಅದೇ, ಮೇಲಂಚು ಮಾತ್ರ ಮಡಚಿತ್ತು. ಬಲತೋಳು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ರವಿಕೆಯ ತೋಳು ಮೇಲೆ ಸರಿಯುತ್ತದೆ. ಇಳಿಸಿದಾಗ ಅದರ ಹೊಲಿಗೆಯಂಚು ಸೆನ್ಸರಿನ ಮೇಲಂಚನ್ನು ಕೆರೆದುಕೊಂಡೇ ಇಳಿಯುತ್ತದೆ. ದಿನಕ್ಕೆ ಆರು ಪೀರಿಯಡ್ ಈ ಕೆರೆತ. ಜೊತೆಗೆ ಸೆನ್ಸರ್ ಹಾಕುತ್ತಿದ್ದದ್ದು ಭಾನುವಾರ, ಎಣ್ಣೆಸ್ನಾನದ ನಂತರ, "ಮೈ ಶುದ್ಧ ಇರ್ತದಲ್ಲ ಅಂತ". ಎಡತೋಳಿಗೆ, ರವಿಕೆಯ ಅಂಚಿನಿಂದ ಎರಡು ಬೆರಳು ಕೆಳಗೆ, ಶುಕ್ರವಾರ ಸಂಜೆ ಹಾಕಿಕೊಳ್ಳಲು ಹೇಳಿದೆ. ಅದೇ ಅಂಟು, ಅದೇ ಮೇ ತಿಂಗಳ ಸೆಕೆ. ಹದಿನಾಲ್ಕು ದಿನ ನಿಂತಿತು.

ದಿನದ ಲೆಕ್ಕ

ಮೊದಲ ದಿನವೇ ಬಿದ್ದರೆ ಚರ್ಮದ ತಯಾರಿ ಸರಿಯಾಗಿಲ್ಲ. ಮೂರರಿಂದ ಏಳನೇ ದಿನದ ನಡುವೆ ಅಂಚಿನಿಂದ ಎದ್ದರೆ ಉಜ್ಜಾಟ, ಬೆವರು, ಸ್ನಾನದ ಬಿಸಿನೀರು. ಹತ್ತು ದಿನ ದಾಟಿದ ಮೇಲಾದರೆ ಚರ್ಮ ಉದುರಿದ್ದು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ, ಆದರೆ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯಾಗಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಅಂಟಿನ ತಪ್ಪೇ ಅಲ್ಲದ ಒಂದು ದೂರೂ ಉಂಟು. "ರಾತ್ರಿ ಎರಡು ಗಂಟೆಗೆ ಸಕ್ಕರೆ ಕಡಿಮೆ ಎಂದು ಅಲಾರಂ ಹೊಡೆಯುತ್ತದೆ, ಸೆನ್ಸರ್ ಸಡಿಲವಾಗಿರಬೇಕು" ಎನ್ನುತ್ತಾರೆ. ಆ ಮಗ್ಗುಲಿಗೆ ಮಲಗಿದ್ದರೆ ಒತ್ತಡಕ್ಕೇ ಸೆನ್ಸರ್ ಸುಳ್ಳು ಕಡಿಮೆ ತೋರಿಸುತ್ತದೆ. ಮೊದಲು ಬೆರಳು ಚುಚ್ಚಿ ನೋಡಿ, ನಿಜವಾಗಿಯೂ ಕಡಿಮೆ ಇದ್ದರೆ ಉಪಚಾರ ಮಾಡಿ. ಇಲ್ಲವಾದರೆ ಮಗ್ಗುಲು ಬದಲಿಸಿ. ಟೇಪು ಸುತ್ತಿ ಪ್ರಯೋಜನವಿಲ್ಲ.

ಚರ್ಮ ಏನು ಹೇಳುತ್ತಿದೆ?

ಇಲ್ಲಿ ಎಚ್ಚರ ಹೆಚ್ಚು ಬೇಕು. ಪುಸ್ತಕಗಳಲ್ಲಿ "ಕೆಂಪಾಗುತ್ತದೆ" ಎಂದು ಬರೆದಿರುತ್ತದೆ, ಫೋಟೊದಲ್ಲಿರುವುದು ಬೆಳ್ಳಗಿನ ಚರ್ಮ. ನಮ್ಮ ಗೋಧಿ, ಕಂದು, ಕಪ್ಪು ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ನೇರಳೆ ಛಾಯೆ, ಸುತ್ತಲಿಗಿಂತ ಗಾಢ ಬಣ್ಣ, ಹಿಂಗೈಯಲ್ಲಿ ಮುಟ್ಟಿದರೆ ಬಿಸಿ, ಸ್ವಲ್ಪ ಉಬ್ಬು, ಇವನ್ನು ನೋಡಬೇಕು. ಉರಿಯೂತ ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅದು ಹಳೆಯ ಗುರುತು, ಹೊಸ ಅಲರ್ಜಿಯಲ್ಲ.

ತೆಗೆದ ಕೂಡಲೇ ಕಾಣುವ ಕೆಂಪು ಸಾಮಾನ್ಯ. ಅರ್ಧ ಗಂಟೆ ಕಳೆದರೂ ಇಳಿಯದಿದ್ದರೆ ಅದನ್ನು ಅಂಟಿನಿಂದಾದ ಗಾಯವೆಂದು ಎಣಿಸುವುದು ದಾದಿಯರ ಲೋಕದಲ್ಲಿ ಒಪ್ಪಿತವಾದ ಅಳತೆ.

ಗುರುತು ಪಟ್ಟಿಯ ಗಡಿಯೊಳಗೇ ಇದ್ದು ತುರಿಕೆಗಿಂತ ಉರಿ ಹೆಚ್ಚು, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದರೆ ಕೆರಳಿಕೆ. ಆರದ ಸ್ಪಿರಿಟ್ಟು ಪಟ್ಟಿಯಡಿ ಸಿಕ್ಕಿಕೊಂಡರೆ, ಅದೇ ಜಾಗಕ್ಕೆ ಬಿಡುವಿಲ್ಲದೆ ಮತ್ತೆ ಮತ್ತೆ ಹಾಕಿದರೆ ಹೀಗಾಗುತ್ತದೆ. ಸೂಜಿಮೊನೆಯಂಥ ಚುಕ್ಕಿಗಳು, ಸೆಕೆಗಾಲದಲ್ಲಿ ಮಾತ್ರ ಎಂದರೆ ಬೆವರುಸಾಲೆ. ಪಟ್ಟಿಯಡಿ ಬೆವರಿಗೆ ದಾರಿಯಿಲ್ಲ. ಒಂದೊಂದು ಕೂದಲ ಬುಡದಲ್ಲೂ ಕೀವಿನ ಚುಕ್ಕೆ ಇದ್ದರೆ ಹಾಕುವ ಮೊದಲು ರೇಜರಿನಿಂದ ಬೋಳಿಸಿದ್ದೀರಿ; ಕತ್ತರಿಯಿಂದಲೋ ಟ್ರಿಮ್ಮರಿನಿಂದಲೋ ಗಿಡ್ಡ ಮಾಡಿದರೆ ಸಾಕಿತ್ತು. ಚರ್ಮ ಬಿಳುಚಿ, ಬಟ್ಟೆ ಒಗೆದ ಬೆರಳಿನಂತೆ ಸುಕ್ಕುಗಟ್ಟಿದ್ದರೆ ನೀರು ನಿಂತಿದೆ. ಟೇಪಿನ ಅಂಚಿನಲ್ಲಿ ಮಾತ್ರ ನೀರುಗುಳ್ಳೆ ಎದ್ದಿದ್ದರೆ ಅಂಟಿಸುವಾಗ ಟೇಪನ್ನು ಎಳೆದು ಹಿಡಿದಿದ್ದೀರಿ. ಅದು ಹಿಂದಕ್ಕೆ ಕುಗ್ಗುವಾಗ ಚರ್ಮದ ಪದರವನ್ನೂ ಎಳೆಯುತ್ತದೆ.

ಅಲರ್ಜಿಯ ನಡೆ ಬೇರೆ. ಅದಕ್ಕೆ ತುರಿಕೆಯೇ ಮುಖ್ಯ. ಮೊದಲ ಎರಡು ತಿಂಗಳು ಏನೂ ಇಲ್ಲದೆ ಆಮೇಲೆ ಶುರುವಾಗಬಹುದು. ಪ್ರತಿ ಸಲವೂ ಇನ್ನಷ್ಟು ಬೇಗ, ಇನ್ನಷ್ಟು ಜೋರು. ಪಟ್ಟಿಯ ಗಡಿ ದಾಟಿ ಹರಡುತ್ತದೆ, ತೆಗೆದ ಮೇಲೂ ದಿನಗಟ್ಟಲೆ ಇರುತ್ತದೆ, ನೀರು ಒಸರುತ್ತದೆ.

ನಾನೇ ಎಡವಿದ್ದು ಇಲ್ಲಿ. ಶಿವಮೊಗ್ಗ ಕಡೆಯ ಒಬ್ಬ ಹುಡುಗ, ಟೈಪ್ 1 ಮಧುಮೇಹ. ತಾಯಿ ಫೋಟೊ ಕಳಿಸಿದರು: ಗುಳ್ಳೆ, ತುರಿಕೆ. ಮೇಲಿನ ಟೇಪು ಬದಲಿಸಲು ಹೇಳಿದೆ. ಇಳಿಯಲಿಲ್ಲ. ಸಿಲಿಕೋನ್ ಟೇಪು ಹೇಳಿದೆ, ಆಮೇಲೆ ಚರ್ಮಕ್ಕೆ ಹೊಡೆಯುವ ರಕ್ಷಣಾ ಸ್ಪ್ರೇ. ಮೂರು ತಿಂಗಳು ಕಳೆಯಿತು. ಆಮೇಲೊಮ್ಮೆ ಹಳೆಯ ಫೋಟೊಗಳನ್ನು ಒಟ್ಟಿಗೆ ತೆರೆದು ನೋಡಿದಾಗ ನಾಚಿಕೆಯಾಯಿತು: ಎಲ್ಲದರಲ್ಲೂ ಗುಳ್ಳೆ ನಾಣ್ಯದಷ್ಟು ದುಂಡಗೆ, ಪ್ಲಾಸ್ಟಿಕ್ ಬಿಲ್ಲೆಯ ಕೆಳಗೆ ಮಾತ್ರ ದಟ್ಟ. ಟೇಪು ಮುಟ್ಟಿದ್ದ ಅಗಲ ಜಾಗದಲ್ಲಿ ಏನೂ ಇಲ್ಲ. ಟೇಪಿನ ತಪ್ಪಾಗಿದ್ದರೆ ಟೇಪಿನ ಆಕಾರದ ಗುರುತು ಬೀಳಬೇಕಿತ್ತು. ಫೋಟೊ ಮೊದಲ ದಿನದಿಂದಲೇ ಹೇಳುತ್ತಿದ್ದದ್ದನ್ನು ನಾನು ಓದಿರಲಿಲ್ಲ.

ಚರ್ಮವೈದ್ಯರ ಪ್ಯಾಚ್ ಪರೀಕ್ಷೆಯಲ್ಲಿ (ಸಂಶಯದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ನೋಡುವುದು) ಸಿಕ್ಕಿದ್ದು ಐಸೋಬೋರ್ನೈಲ್ ಅಕ್ರಿಲೇಟ್. ಈ ರಾಸಾಯನಿಕದ ಕತೆ ಈ ಕ್ಷೇತ್ರದಲ್ಲಿ ಪ್ರಸಿದ್ಧ. 2017ರಲ್ಲಿ ಬೆಲ್ಜಿಯಂ ಮತ್ತು ಸ್ವೀಡನ್ನಿನ ಚರ್ಮತಜ್ಞರು ಸಕ್ಕರೆ ಸೆನ್ಸರ್ ಹಾಕುವವರ ಅಲರ್ಜಿಯನ್ನು ಹಿಂಬಾಲಿಸಿ ಹೋದಾಗ ಇದನ್ನು ಕಂಡುಕೊಂಡರು. ಪ್ಲಾಸ್ಟಿಕ್ ಭಾಗಗಳನ್ನು ಒಂದಕ್ಕೊಂದು ಜೋಡಿಸಿದ ಅಂಟಿನಲ್ಲಿ ಇದ್ದದ್ದು ಬಟ್ಟೆಯ ಪದರ ದಾಟಿ ಚರ್ಮಕ್ಕೆ ಇಳಿಯುತ್ತಿತ್ತು. 2020ರಲ್ಲಿ ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ ಇದನ್ನೇ "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತು. ಆಮೇಲೆ ಕೆಲವು ಸಾಧನಗಳಲ್ಲಿ ಇದನ್ನು ಕೈಬಿಡಲಾಯಿತು. ಇಂಥ ಸಣ್ಣ ಅಣುಗಳನ್ನು ತೆಳ್ಳಗಿನ ಸ್ಪ್ರೇ ಪದರ ತಡೆದೀತೆಂದು ನಂಬಿ ಕೂರಬಾರದು.

ಪ್ಯಾಚ್ ಪರೀಕ್ಷೆಗೆ ಹೋಗುವವರು ಒಂದು ಬಳಸದ ಸೆನ್ಸರ್, ಟೇಪಿನ ತುಂಡು, ಒರೆಸುವ ಬಟ್ಟೆ, ಎಲ್ಲವನ್ನೂ ಒಯ್ಯಿರಿ. ಬೆನ್ನಿಗೆ ಅಂಟಿಸಿದ್ದನ್ನು ಎರಡು ದಿನಕ್ಕೆ ತೆಗೆದು ನೋಡಿ, ಮತ್ತೆ ನಾಲ್ಕನೇ ದಿನದ ಸುಮಾರಿಗೆ ಇನ್ನೊಮ್ಮೆ ನೋಡುತ್ತಾರೆ. ಎರಡನೇ ಭೇಟಿ ತಪ್ಪಿಸಬೇಡಿ, ತಡವಾಗಿ ಏಳುವ ಅಲರ್ಜಿ ಆಗಲೇ ಕಾಣುವುದು. ಬ್ಯೂಟಿ ಪಾರ್ಲರಿನಲ್ಲಿ ಜೆಲ್ ಉಗುರು ಹಾಕಿಸಿಕೊಂಡಾಗ ಬೆರಳು ತುರಿಸಿತ್ತೇ ಎಂಬುದನ್ನೂ ವೈದ್ಯರಿಗೆ ಹೇಳಿ. ಅದೂ ಅಕ್ರಿಲೇಟ್ ಕುಟುಂಬವೇ.

ಹಾಗಾದರೆ ಯಾವ ಅಂಟು?

ದೋಷ ಗೊತ್ತಾದ ಮೇಲೆ ಆಯ್ಕೆ ಕಷ್ಟವಲ್ಲ. ಡಬ್ಬಿಯ ಮೇಲಿನ "ಹೈಪೋಅಲರ್ಜೆನಿಕ್" (ಅಲರ್ಜಿ ತರುವುದು ಕಡಿಮೆ) ಎಂಬ ಮಾತನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಅದು ಮಾರಾಟದ ಮಾತು. ಮೈಗೆ ತಾಗುವ ವೈದ್ಯಕೀಯ ಸಾಧನಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10993 ಸಾಲಿನ ಪರೀಕ್ಷೆಗಳಲ್ಲಿ ಕೋಶಗಳಿಗೆ ವಿಷವೇ, ಕೆರಳಿಸುತ್ತದೆಯೇ, ಅಲರ್ಜಿ ಹುಟ್ಟಿಸುತ್ತದೆಯೇ ಎಂದು ನೋಡಿರುತ್ತಾರೆ, ಅದು ಇರಲೇಬೇಕು. ಆದರೆ ಪಾಸಾದ ಅಂಟಿಗೆ ಯಾರಿಗೂ ಅಲರ್ಜಿ ಬರದು ಎಂದೇನಲ್ಲ. ಹಾಗೆಯೇ ಮಾಹಿತಿ ಹಾಳೆಯಲ್ಲಿ ಬರೆದ ಹಿಡಿತದ ಅಂಕೆಯನ್ನು ಸಾಮಾನ್ಯವಾಗಿ ಉಕ್ಕಿನ ತಟ್ಟೆಯ ಮೇಲೆ ಅಳೆದಿರುತ್ತಾರೆ. ಉಕ್ಕು ಬೆವರುವುದಿಲ್ಲ.

ಅಕ್ರಿಲಿಕ್ ಅಂಟು ದೀರ್ಘಕಾಲಕ್ಕೆ, ಭಾರದ ಸಾಧನಕ್ಕೆ. ಸಕ್ಕರೆ ಸೆನ್ಸರುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಹಾಕಿದ ಕ್ಷಣಕ್ಕೆ ಇದರ ಹಿಡಿತ ಪೂರ್ತಿ ಬಂದಿರುವುದಿಲ್ಲ, ಗಂಟೆಗಳು ಕಳೆದಂತೆ ಏರುತ್ತದೆ. ಅದಕ್ಕೇ ಸ್ನಾನಕ್ಕೆ, ವ್ಯಾಯಾಮಕ್ಕೆ ಮೊದಲು ಹಾಕಬಾರದು. ಸಂಜೆ ಹಾಕಿ ರಾತ್ರಿ ಕಳೆಯಲು ಬಿಡುವುದು ಒಳ್ಳೆಯದು. ತೆಗೆಯುವಾಗ ನೋವಾಗುವುದೂ ಇದಕ್ಕೇ.

ಸಿಲಿಕೋನ್ ಅಂಟು ಮುಟ್ಟಿದ ಕೂಡಲೇ ಹಿಡಿಯುತ್ತದೆ, ಆಮೇಲೆ ಹೆಚ್ಚು ಬಿಗಿಯಾಗುವುದಿಲ್ಲ, ತೆಗೆಯುವಾಗ ಚರ್ಮದ ಕೋಶಗಳನ್ನು ಕಿತ್ತು ತರುವುದೂ ಕಡಿಮೆ. ವಯಸ್ಸಾದವರ ಕಾಗದದಂಥ ಚರ್ಮಕ್ಕೆ, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಎಳೆ ಮಕ್ಕಳಿಗೆ ಮೊದಲ ಆಯ್ಕೆ. ಆದರೆ ಭಾರವಾದ ಬಿಲ್ಲೆಯನ್ನು ಬೆವರಿನಲ್ಲಿ ಎರಡು ವಾರ ಹೊರುವ ಶಕ್ತಿ ಇದಕ್ಕೆ ಸಾಮಾನ್ಯವಾಗಿ ಇಲ್ಲ. ಮೊಮ್ಮಗನಿಗೆ ಒಗ್ಗಿದ ಟೇಪನ್ನು ಅಜ್ಜಿಗೂ, ಅಜ್ಜಿಗೆ ಒಗ್ಗಿದ್ದನ್ನು ಮೊಮ್ಮಗನಿಗೂ ಹಾಕುವ ಮನೆಗಳಲ್ಲಿ ಇಬ್ಬರಿಗೂ ಕಷ್ಟ.

ಹೈಡ್ರೋಕಾಲಾಯ್ಡ್ ಬೆವರನ್ನು ಹೀರಿ ಲೋಳೆಯಾಗುವ ದಪ್ಪ ಹಾಳೆ. ಹೊಟ್ಟೆಯ ಮೇಲೆ ಮಲದ ಚೀಲ ಅಂಟಿಸುವವರಿಗೆ ಇದು ಹಳೆಯ ಗೆಳೆಯ. ಸೆನ್ಸರಿನಡಿ ಇದನ್ನು ಹಾಸಿ ಚರ್ಮವನ್ನು ಕಾಪಾಡುವುದುಂಟು. ಆದರೆ ಒಂದು ಲೆಕ್ಕ ಮರೆಯಬಾರದು: ಸೆನ್ಸರಿನ ತಂತಿ ಚರ್ಮದೊಳಗೆ ಇಳಿಯುವುದೇ ಐದು ಮಿಲಿಮೀಟರ್ ಆಸುಪಾಸು. ಹಾಳೆಯ ದಪ್ಪ ಅದರಲ್ಲಿ ಒಂದಷ್ಟನ್ನು ನುಂಗುತ್ತದೆ. ತಂತಿ ಇಳಿಯುವ ಜಾಗದಲ್ಲಿ ತೂತು ಮಾಡಿ, ಮೊದಲೆರಡು ದಿನ ಬೆರಳು ಚುಚ್ಚಿ ತಾಳೆ ನೋಡಿ, ವೈದ್ಯರಿಗೆ ತಿಳಿಸಿಯೇ ಮಾಡಿ.

ಹಾಲ್ಟರ್, ಇಸಿಜಿ ಪಟ್ಟಿಗಳ ನಡುವೆ ಇರುವ ಹೈಡ್ರೋಜೆಲ್ಲಿಗೆ (ನೀರು ತುಂಬಿದ ಲೋಳೆ ಪದರ) ಬೇರೆಯೇ ರೋಗ: ಒಣಗುವುದು. ಪೊಟ್ಟಣ ಹರಿದಿಟ್ಟ ಪಟ್ಟಿಯಿಂದ ಇಸಿಜಿಯ ಗೆರೆ ನಡುಗಿ ಬಂದರೆ ಯಂತ್ರವನ್ನು ಬೈಯಬೇಡಿ. ಹಳೆಯ ಬಿಳಿ ಜಿಂಕ್ ಆಕ್ಸೈಡ್ ಪ್ಲಾಸ್ಟರಿನ ರಬ್ಬರ್ ಅಂಟಿನಲ್ಲಿ ಪೈನ್ ಮರದ ರಾಳ ಇರುವುದುಂಟು, ಅದೂ ಹೆಸರಾಂತ ಅಲರ್ಜಿಕಾರಕ. ಮನೆಯಲ್ಲಿದೆ ಎಂದು ಅದನ್ನು ಸೆನ್ಸರಿಗೆ ಸುತ್ತಬೇಡಿ.

ಮೇಲೆ ಹಾಕುವ ಟೇಪಿಗೆ ಬಂದರೆ, ನೀರು ಒಳಗೆ ಬಾರದಿದ್ದರೆ ಸಾಲದು, ಆವಿ ಹೊರಗೆ ಹೋಗಬೇಕು. ಬೆವರದೆ ಸುಮ್ಮನೆ ಕೂತ ಆರೋಗ್ಯವಂತ ಚರ್ಮವೇ ಗಂಟೆಗೆ ಚದರ ಮೀಟರಿಗೆ 5ರಿಂದ 10 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತದೆ. ದಿನಕ್ಕೆ 120ರಿಂದ 240 ಗ್ರಾಂ. ಟೇಪು ಇದಕ್ಕಿಂತ ಕಡಿಮೆ ಬಿಟ್ಟುಕೊಟ್ಟರೆ ಮಂಗಳೂರಾಗಲಿ ಮಡಿಕೇರಿಯಾಗಲಿ, ನೀರು ನಿಂತೇ ನಿಲ್ಲುತ್ತದೆ. ಮೇ ತಿಂಗಳ ಬೆವರು ಸೇರಿದರೆ ಕೇಳುವುದೇ ಬೇಡ. ಪ್ಯಾಕಿಂಗ್ ಪ್ಲಾಸ್ಟಿಕ್ ಟೇಪು ಸುತ್ತಿಕೊಂಡವರನ್ನೂ ನೋಡಿದ್ದೇನೆ. ಕರಾವಳಿಗೆ ಗಾಳಿಯಾಡುವ ನೇಯ್ಗೆಯ ಟೇಪು ಮೇಲು. ಮೂಲೆಗಳು ದುಂಡಗಿರಲಿ, ಚೂಪು ಮೂಲೆ ಮೊದಲು ಏಳುತ್ತದೆ. ಕೆಲವು ಸೆನ್ಸರುಗಳ ನಡುವೆ ಇರುವ ಸಣ್ಣ ರಂಧ್ರ ಮುಚ್ಚಬಾರದು, ಪೆಟ್ಟಿಗೆಯೊಳಗಿನ ಹಾಳೆ ಓದಿ.

ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇಯನ್ನು ಸೆನ್ಸರ್ ಹಾಕುವ ಜಾಗಕ್ಕೆ ಹೊಡೆಯುವ ರೂಢಿ ಮಧುಮೇಹಿಗಳ ನಡುವೆ ಹಬ್ಬಿದೆ. ಕೆಲವರಿಗೆ ತುರಿಕೆ ಇಳಿಯುತ್ತದೆ, ನಿಜ. ಅಲರ್ಜಿ ಮಾತ್ರ ಒಳಗೇ ಬೆಳೆಯುತ್ತಿರುತ್ತದೆ, ಪದೇ ಪದೇ ಹಚ್ಚಿದ ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೂ ಮಾಡಬಲ್ಲದು. ವೈದ್ಯರು ಹೇಳದೆ ಬೇಡ.

ಹಾಕುವುದು, ತೆಗೆಯುವುದು

ಸಾದಾ ಸೋಪಿನಲ್ಲಿ ತೊಳೆದು ಒರೆಸಿ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಊದದೆ ತಾನಾಗಿ ಆರಲು ಬಿಡಿ. ಹಾಕಿದ ಮೇಲೆ ಅಂಗೈ ಬಿಸಿ ತಾಗುವಂತೆ ಅರ್ಧ ನಿಮಿಷ ಒತ್ತಿ ಹಿಡಿದು, ಬೆರಳಿನಿಂದ ಅಂಚನ್ನು ಸುತ್ತಲೂ ಸವರಿ. ಮುಂದಿನ ಸಲ ಬೇರೆ ಜಾಗ.

ತೆಗೆಯುವಾಗ ಬ್ಯಾಂಡೇಜ್ ಕೀಳುವ ಹಾಗೆ ಮೇಲಕ್ಕೆ ಸರ್ರನೆ ಎಳೆಯುವವರೇ ಹೆಚ್ಚು. ಬದಲಿಗೆ ಅಂಚನ್ನು ಎತ್ತಿ, ಪಟ್ಟಿಯನ್ನು ಅದರ ಮೇಲೇ ಮಡಚಿ, ಚರ್ಮಕ್ಕೆ ಸಮಾನಾಂತರವಾಗಿ ನಿಧಾನ ಎಳೆಯಿರಿ. ಇನ್ನೊಂದು ಕೈಯ ಬೆರಳು ಬಿಡುತ್ತಿರುವ ಚರ್ಮವನ್ನು ಹಿಡಿದಿರಲಿ. ಹಾಕುವಾಗ ಶತ್ರುವಾಗಿದ್ದ ತೆಂಗಿನೆಣ್ಣೆ ಇಲ್ಲಿ ನೆಂಟ: ಅಂಚಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಅಕ್ರಿಲಿಕ್ ಅಂಟು ಸಡಿಲವಾಗುತ್ತದೆ. ಅದೇ ಜಾಗಕ್ಕೆ ತಕ್ಷಣ ಹೊಸದನ್ನು ಹಾಕುವಂತಿಲ್ಲ ಅಷ್ಟೇ.

ಕೀವು, ಜ್ವರ, ಕೆಂಪು ಗೆರೆಯಾಗಿ ಮೇಲೇರುವುದು, ಗಟ್ಟಿ ಬಾವು, ಇವಿದ್ದರೆ ಸೆನ್ಸರ್ ತೆಗೆದು ಅದೇ ದಿನ ವೈದ್ಯರ ಬಳಿ ಹೋಗಿ. ಮಧುಮೇಹಿಗಳಿಗೆ "ನಾಳೆ ನೋಡೋಣ" ಬೇಡ. ಮುಖ, ತುಟಿ ಊದಿ ಉಸಿರು ಕಟ್ಟಿದರೆ ನೇರ ತುರ್ತು ವಿಭಾಗಕ್ಕೆ. ಪಂಪ್ ಹಾಕಿದವರ ಸೆಟ್ ಕಳಚಿದರೆ ಇನ್ಸುಲಿನ್ ನಿಂತು ಹೋಗಿರುತ್ತದೆ. ಅಂಟಿನ ವಿಚಾರಣೆ ಆಮೇಲೆ, ಮೊದಲು ಸಕ್ಕರೆ ನೋಡಿ.

ಶಿವಮೊಗ್ಗದ ಹುಡುಗ ಒಂದಷ್ಟು ದಿನ ಬೆರಳು ಚುಚ್ಚುವುದಕ್ಕೇ ಹಿಂದಿರುಗಿದ. ಚರ್ಮ ಪೂರ್ತಿ ಮಾಗಿದ ಮೇಲೆ ಬೇರೆ ತಯಾರಿಕೆಯ ಸೆನ್ಸರ್ ಒಂದನ್ನು ವೈದ್ಯರೆದುರೇ ಹಾಕಿದರು. ಮೂರನೇ ದಿನ ತಾಯಿ ಫೋಟೊ ಕಳಿಸಿದರು. ಈ ಸಲ ಟೇಪನ್ನು ನೋಡುವ ಮೊದಲು ಬಿಲ್ಲೆಯ ಸುತ್ತಲಿನ ಚರ್ಮವನ್ನು ದೊಡ್ಡದು ಮಾಡಿ ನೋಡಿದೆ. ತೆಳ್ಳಗಿನ ಒಂದು ಹಳೆಯ ಕಪ್ಪು ವೃತ್ತ, ಅದರಾಚೆ ಏನೂ ಇರಲಿಲ್ಲ.